ಆಣೆ ಬಿಡಿಸಲು ಹತ್ತಿದ ಬೆಟ್ಟ

ಡಾಕ್ಟರ್ ಹೇಳಿದ್ದು ಶನಿವಾರ ಸಂಜೆ. "ನಾಳೆ ಮಧ್ಯಾಹ್ನದ ಒಳಗೆ ಗಂಟಲಿಗೆ ಟ್ಯೂಬ್ ಹಾಕಬೇಕಾದೀತು. ಹಾಕಿದ ಮೇಲೆ ಅವರಿಗೆ ಮಾತಾಡಲಿಕ್ಕೆ ಆಗುವುದಿಲ್ಲ. ತೆಗೆಯುವ ದಿನ ಬರುತ್ತದೋ ಇಲ್ಲವೋ, ಅದನ್ನು ನಾನು ಹೇಳಲಾರೆ. ಯಾರ ಹತ್ತಿರವಾದರೂ ಮಾತು ಬಾಕಿ ಇದ್ದರೆ ಮೊದಲೇ ಮಾತಾಡಿಸಿಬಿಡಿ."

ಹಾಗಾಗಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಾನು, ಮುಂಡಪ್ಪ, ವಯಸ್ಸು ಅರವತ್ತನಾಲ್ಕು, ಎರಡೂ ಮೊಣಕಾಲು ಹೋದವ, ಒಂದು ಕೊಡೆ ಹಿಡಿದುಕೊಂಡು ಪನವೇಲಿನ ಆಚೆ ಒಂದು ಬೆಟ್ಟದ ಬುಡದಲ್ಲಿ ನಿಂತಿದ್ದೆ. ಥಾಣೆಯ ವರ್ತಕ ನಗರದಿಂದ ಬೆಳಗಿನ ಟ್ರೈನು ಹಿಡಿದು ಪನವೇಲ್, ಅಲ್ಲಿಂದ ರಿಕ್ಷಾ. ರಿಕ್ಷಾದಲ್ಲಿ ಕೂತು ನೋಡುವಾಗ ಬೆಟ್ಟ ಎಷ್ಟು ಚಂದ ಅಂತೀರಿ, ಹಸಿರು ಶಾಲು ಹೊದ್ದು ಕೂತ ಹಾಗೆ. ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ ಮಾರಾಯ್ರೆ. ಬುಡಕ್ಕೆ ಬಂದು ತಲೆ ಎತ್ತಿದರೆ ನನ್ನ ಕನ್ನಡಕ ಜಾರಿತು.

ಆ ಬೆಟ್ಟದ ಮೇಲೆ, ತುದಿಗಿಂತ ಸ್ವಲ್ಪ ಕೆಳಗೆ, ಒಂದು ಸಮತಟ್ಟು ಜಾಗ ಉಂಟು. ಮಾಚಿ ಅನ್ನುತ್ತಾರೆ. ಕೋಟೆ ನೋಡಲಿಕ್ಕೆ ಹೋಗುವ ಮುಂಬಯಿಯ ಮಕ್ಕಳು ಅಲ್ಲಿ ಗುಡಿಸಲುಗಳಲ್ಲಿ ಉಳಿಯುತ್ತಾರೆ, ಬಿಸಿ ಭಾಕ್ರಿ ಪಿಟ್ಲೆ ತಿನ್ನುತ್ತಾರೆ. ಆ ಗುಡಿಸಲು ನಡೆಸುವವಳು ನನ್ನ ಸೊಸೆ, ಅಂದರೆ ತಂಗಿಯ ಮಗಳು ನಿಶ್ಮಿತಾ. ಡೊಂಬಿವಲಿಯ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದವಳು ಅವಳ ತಾಯಿ, ನನ್ನ ಒಬ್ಬಳೇ ತಂಗಿ ಜಯಲತಾ. ತಾಯಿ ಮಗಳು ಮಾತಾಡಿ ಎರಡು ವರ್ಷ. ಮಾತು ನಿಲ್ಲಿಸಿದವ ಯಾರು ಅಂತ ಕೇಳಿ. ನಾನೇ. ಈ ಬಾಯಿಯೇ.

ನಿಶ್ಮಿತಾ ಮಹಾಪೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಳು. ಒಳ್ಳೆ ಹುಡುಗಿ, ಚುರುಕು. ಭಾನುವಾರ ಆಯಿತೆಂದರೆ ಆಫೀಸಿನವರ ಜೊತೆ ಬೆಟ್ಟ ಹತ್ತುವ ಹುಚ್ಚು. ಹತ್ತಲಿ, ಪ್ರಾಯ ಅಂತ ಸುಮ್ಮನಿದ್ದೆವು. ಎರಡು ವರ್ಷದ ಕೆಳಗೆ ಒಂದು ದಿನ ಬಂದು, "ಮಾಮ, ನಾನು ಪದ್ಮಾಕರನನ್ನು ಮದುವೆಯಾಗುತ್ತೇನೆ, ಅಲ್ಲೇ ಇರುತ್ತೇನೆ" ಅಂದಳು. ಪದ್ಮಾಕರ ಆ ಮಾಚಿಯ ಹುಡುಗ, ಆದಿವಾಸಿಗಳ ಪೈಕಿ, ಟ್ರೆಕ್ಕಿಂಗಿನವರಿಗೆ ದಾರಿ ತೋರಿಸುವವನು. ನನಗೆ ತಲೆ ತಿರುಗಿತು. ಹೋಟ್ಲಿನವರ ಮನೆಯ ಹುಡುಗಿ ಕಷ್ಟಪಟ್ಟು ಓದಿ ನೌಕರಿ ಹಿಡಿದು, ಪುನಃ ಬೆಟ್ಟದ ಮೇಲೆ ಹೋಗಿ ಒಲೆ ಊದುವುದಾ?

ನಮ್ಮ ಅಳಿಯಕಟ್ಟಿನಲ್ಲಿ ತಂಗಿಯ ಮಕ್ಕಳಿಗೆ ಮಾವನದ್ದೇ ಮಾತು. ಭಾವ ತೀರಿಹೋಗಿ ಒಂಬತ್ತು ವರ್ಷ, ಹಾಗಾಗಿ ಇನ್ನೂ ಹೆಚ್ಚು. ಡೊಂಬಿವಲಿ ಎಂಐಡಿಸಿಯಲ್ಲಿ ಜಯಲತಾಳ ಮನೆ. ದೇವರ ಕೋಣೆಯಲ್ಲಿ ಊರಿನ ದೈವದ ಹೆಸರಲ್ಲಿ ದೀಪ ಇಟ್ಟಿದ್ದಳು. ನಾನು ಎದ್ದು ಹೋಗಿ ಆ ದೀಪದ ಎದುರು ನಿಂತು ಕೂಗಿದೆ: "ಇವಳು ಆ ಬೆಟ್ಟ ಹತ್ತಿದರೆ ಈ ಮನೆಯವರು ಯಾರೂ ಇವಳ ಹತ್ತಿರ ಒಂದು ಶಬ್ದ ಆಡಕೂಡದು. ದೈವದಾಣೆ! ಆಡಿದರೆ ಅದರ ಫಲ ನನ್ನ ತಲೆಗೇ ಬರಲಿ."

ಹುಡುಗಿ ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಚೀಲ ತಗೊಂಡು ಹೊರಟೇಹೋದಳು. ಹೆದರಿದವಳು ಜಯಲತಾ.

ನನ್ನ ಸಿಟ್ಟು ಗೊತ್ತಲ್ಲ, ಹೋಟ್ಲಿನವನ ಸಿಟ್ಟು. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ, ಎರಡು ನಿಮಿಷ ಚಟಪಟ, ಆಮೇಲೆ ಏನೂ ಇಲ್ಲ. ಎರಡು ವಾರದಲ್ಲಿ ನನಗೇ ನಾಚಿಕೆಯಾಯಿತು. ಆದರೆ ಆಣೆ ಹಾಗಲ್ಲವಲ್ಲ. ಯಾರ ಮೇಲೆ ಹಾಕಿದ್ದೋ ಅವರ ಎದುರು ಹಾಕಿದವನೇ ಹೋಗಿ ನಿಲ್ಲಬೇಕು, ತನ್ನ ಕೈಯಾರೆ ಒಂದು ಗುಟುಕು ನೀರು ಕುಡಿಸಬೇಕು, 'ಬಿಟ್ಟೆ' ಅನ್ನಬೇಕು. ನಮ್ಮ ಮನೆಯಲ್ಲಿ ಹಾಗೆಯೇ ನಡೆದು ಬಂದದ್ದು. ಅವಳೇ ಬರಲಿ ಎಂದು ನಾನು ಕೂತೆ. ಮಾಮನೇ ಕರೆಯಲಿ ಎಂದು ಅವಳು ಕೂತಿರಬೇಕು. ಒಂದು ವರ್ಷ ಹಟದಲ್ಲಿ ಹೋಯಿತು, ಇನ್ನೊಂದು ವರ್ಷ ಮೊಣಕಾಲಿನ ನೆಪದಲ್ಲಿ.

ಶನಿವಾರ ಡಾಕ್ಟರ್ ಹೋದ ಮೇಲೆ ಅಳಿಯ ಹಿತೇಶ್ ನನ್ನನ್ನು ಹೊರಗೆ ಕರೆದ. ನಿಶ್ಮಿತಾಳ ತಮ್ಮ, ಇಲ್ಲೇ ಹುಟ್ಟಿದವ. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. "ಮಾಮಾ, ಆಪಕೋ ಪತಾ ನಹೀ. ದೀದಿ ಹರ್ ಹಫ್ತಾ ಫೋನ್ ಕರತೀ ಥೀ. ಮಮ್ಮಿ ಉಠಾತೀ ಥೀ, ಬೋಲತೀ ನಹೀ ಥೀ."

ಮಗಳು ವಾರವಾರ ಫೋನು ಮಾಡುತ್ತಿದ್ದಳಂತೆ. ಇವಳು ಎತ್ತುವುದು, ಕಿವಿಗೆ ಹಿಡಿಯುವುದು, ಒಂದು ಶಬ್ದ ಆಡದೆ ಮಗಳು ಹೇಳಿದ್ದೆಲ್ಲ ಕೇಳುವುದು, ಇಡುವುದು. ಎರಡು ವರ್ಷ!

ಒಳಗೆ ಓಡಿ ತಂಗಿಯ ಕೈ ಹಿಡಿದೆ. "ಬಿಟ್ಟೆ ಮಾರಾಯ್ತಿ, ಆಣೆ ಬಿಟ್ಟೆ, ಈಗಲೇ ಅವಳಿಗೆ ಫೋನ್ ಮಾಡುವಾ."

ಅವಳು ಮಾಸ್ಕು ಸರಿಸಿದಳು. "ಹಾಗೆಲ್ಲ ಬಿಡುವುದಾ? ಎದುರು ಹೋಗಿ ಬಿಡಿಸು ಅಣ್ಣ. ನಿನ್ನ ತಲೆಗೆ ಬಂದರೆ ನಾನು ಯಾರಿಗೆ ಹೇಳುವುದು?"

ನಿಶ್ಮಿತಾಳ ಫೋನಂತೂ ಹತ್ತುತ್ತಿರಲಿಲ್ಲ. ಮಳೆಗೆ ಮಾಚಿಯಲ್ಲಿ ನಾಲ್ಕು ದಿನದಿಂದ ಕರೆಂಟಿಲ್ಲ ಅಂತ ಆಮೇಲೆ ಗೊತ್ತಾಯಿತು. ಹಿತೇಶ್ ಕಳಿಸಿದ ಮೆಸೇಜುಗಳೆಲ್ಲ ಒಂದೇ ಟಿಕ್ಕಿನಲ್ಲಿ ನಿಂತಿದ್ದವು. ಅವನು ಆಸ್ಪತ್ರೆ ಬಿಡುವ ಹಾಗಿಲ್ಲ. ಹೋಗಬೇಕಾದವ ನಾನೇ.

ಬುಡದ ಊರಿನಲ್ಲಿ ಒಬ್ಬಳು ಹೆಂಗಸು ತಟ್ಟಿ ಕಟ್ಟಿಕೊಂಡು ಚಹಾ, ಲಿಂಬು ಸರಬತ್ತು ಮಾರುತ್ತಿದ್ದಳು. ನಿಶ್ಮಿತಾಳ ಹೆಸರು ಹೇಳಿ ದಾರಿ ಕೇಳಿದೆ. ಅವಳು ನನ್ನ ಕಾಲು ನೋಡಿದಳು, ಚಪ್ಪಲಿ ನೋಡಿದಳು. ಮರಾಠಿಯಲ್ಲಿ ಹೇಳಿದಳು: "ಕಾಕಾ, ನಮ್ಮ ನಿಶಾ ಅತ್ತಿಗೆಯ ಮನೆಗಾ? ನೀವು ಇಲ್ಲೇ ಕೂತುಕೊಳ್ಳಿ. ಹಾಲಿನ ಕ್ಯಾನು ಹೊತ್ತು ಈಗ ನನ್ನ ಭಾವ ಮೇಲೆ ಹೋಗುತ್ತಾನೆ. ಅವನ ಹತ್ತಿರ ಹೇಳಿ ಕಳಿಸಿದರೆ ಅವಳೇ ಇಳಿದು ಬರುತ್ತಾಳೆ. ಹತ್ತೂವರೆಗೆಲ್ಲ ಇಲ್ಲಿರುತ್ತಾಳೆ."

ಎಷ್ಟು ಸರಳ ಮಾತು! ಹೂಂ ಅನ್ನಬಹುದಿತ್ತು. ಅನ್ನಲಿಲ್ಲ. ಆಣೆ ಹಾಕಿದವನು ಕೆಳಗೆ ಚಹಾ ಕುಡಿಯುತ್ತ ಕೂತು ಅವಳನ್ನು ಇಳಿಸಿಕೊಳ್ಳುವುದು ಯಾವ ನ್ಯಾಯ? ತಪ್ಪು ಮಾಡಿದವ ನಡೆದು ಹೋಗಬೇಕು, ಇಲ್ಲದಿದ್ದರೆ ದೈವ ಒಪ್ಪುವುದಿಲ್ಲ. ಹೀಗೆಲ್ಲ ನನ್ನ ತಲೆಯೊಳಗೆ ಓಡಿತು. "ಬೇಡಮ್ಮ, ನಾನೇ ಹೋಗುತ್ತೇನೆ" ಅಂದೆ, ದೊಡ್ಡ ಶೂರನ ಹಾಗೆ. ಹಾಲಿನವ ನನ್ನ ಎದುರೇ ಕ್ಯಾನು ಹೆಗಲಿಗೇರಿಸಿ ಹೋದ. ಅವನ ಹತ್ತಿರ ನಾನು ಒಂದು ಶಬ್ದವೂ ಹೇಳಲಿಲ್ಲ.

ಮೊದಲ ಅರ್ಧ ಗಂಟೆ ಪರವಾಗಿರಲಿಲ್ಲ. ಗದ್ದೆಯ ಬದಿಯಿಂದ ಅಗಲ ದಾರಿ. ಆಮೇಲೆ ಕಾಡು ಬಂತು, ಕೆಂಪು ಕೆಸರು ಬಂತು, ಮೆಟ್ಟಿಲಿನ ಹಾಗೆ ಕಲ್ಲುಗಳು ಬಂದವು. ಒಂದೊಂದು ಮೆಟ್ಟಿಲು ನನ್ನ ಮೊಣಕಾಲೆತ್ತರ. ನಲವತ್ತು ವರ್ಷ ಹೋಟ್ಲಿನ ಗಲ್ಲೆಯಲ್ಲಿ ನಿಂತ ಕಾಲು ಇದು. ನಿಲ್ಲು ಅಂದರೆ ಸಂಜೆಯವರೆಗೆ ನಿಂತೀತು, ಹತ್ತು ಅಂದರೆ ಎಲ್ಲಿಂದ ಹತ್ತುವುದು? ಕೊಡೆಯನ್ನು ಕೋಲು ಮಾಡಿಕೊಂಡೆ. ಅದರ ಕಡ್ಡಿ ಎರಡು ಕಲ್ಲಿಗೇ ಮುರಿಯಿತು. ಒಂದು ಕೈಯಲ್ಲಿ ಬೇರು ಹಿಡಿದು, ಇನ್ನೊಂದು ಕೈ ನೆಲಕ್ಕೆ ಊರಿ, ನಾಲ್ಕು ಕಾಲಿನಲ್ಲಿ ಹತ್ತಿದೆ.

ಹಿಂದಿನಿಂದ ಹುಡುಗ ಹುಡುಗಿಯರ ದಂಡು, ಕೈಯಲ್ಲಿ ಹಾಡುವ ಡಬ್ಬಿ. "ಅಂಕಲ್, ಸೈಡ್!" "ಆರಾಮ್ ಸೇ ಕಾಕಾ!" ಒಬ್ಬಳು ನನ್ನನ್ನು ಮೊಬೈಲಿನಲ್ಲಿ ಹಿಡಿದು ತನ್ನ ಜನಕ್ಕೆ ಹೇಳಿದಳು, "ದೇಖೋ, ಇಸ್ ಉಮರ್ ಮೇ ಭೀ ಕ್ಯಾ ಸ್ಪಿರಿಟ್ ಹೈ!" ಈ ಪ್ರಾಯದಲ್ಲೂ ಸ್ಪಿರಿಟ್ ಅಂತೆ, ಸ್ಪಿರಿಟ್! ಎಲ್ಲರೂ ಹೋಗುತ್ತಿದ್ದದ್ದು ಮಾಚಿಗೇ. ಒಬ್ಬನನ್ನು ನಿಲ್ಲಿಸಿ ಹೇಳಿ ಕಳಿಸಬೇಕಿತ್ತು. ನನಗೆ ಬಾಯಿ ಬರಲಿಲ್ಲ. ಉಸಿರು ಇರಲಿಲ್ಲ ಅನ್ನುವುದು ಅರ್ಧ ಸತ್ಯ. ಇನ್ನೊಂದು ತಿರುವು, ಇನ್ನೊಂದು ತಿರುವು, ಇಷ್ಟು ಬಂದವನಿಗೆ ಅಷ್ಟು ಹೋಗಲಿಕ್ಕಾಗುವುದಿಲ್ಲವಾ ಅಂತ ಹಟ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬಲಗಾಲಿನ ಮೊಣಕಾಲು 'ಟಕ್' ಅಂದಿತು. ನೋವಿಗೆ ಕಣ್ಣು ಕತ್ತಲೆ ಬಂತು. ಅಲ್ಲೇ ಒಂದು ಬಂಡೆಯ ಮೇಲೆ ಕೂತೆ. ಎದ್ದು ನೋಡಿದೆ, ಕಾಲು ಭಾರ ತಡೆಯಲಿಲ್ಲ. ಮೇಲೆ ನೋಡಿದರೆ ಬೆಟ್ಟ ಇನ್ನೂ ಅಷ್ಟೇ ಎತ್ತರ, ಕೆಳಗೆ ನೋಡಿದರೆ ಬಂದ ದಾರಿ ಮೋಡದಲ್ಲಿ ಇಲ್ಲ. ಹತ್ತಲಿಕ್ಕೂ ಇಲ್ಲ, ಇಳಿಯಲಿಕ್ಕೂ ಇಲ್ಲ. ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ. ಕೈಲಾಗದವ ಮೈ ಪರಚಿಕೊಂಡ ಅಂತಾರಲ್ಲ, ಹಾಗೆ ನನ್ನ ಮೊಣಕಾಲಿಗೆ ನಾನೇ ಗುದ್ದಿಕೊಂಡೆ.

"ಯಾಕ್ರೀ ಅಣ್ಣಾರ, ಏನಾತು? ನೀವು ಕನ್ನಡದವರಲ್ಲೇನು?"

ಗುದ್ದುವಾಗ ಬಾಯಲ್ಲಿ ಕನ್ನಡದ ಬೈಗುಳ ಬಂದಿರಬೇಕು, ಅದನ್ನು ಕೇಳಿ ನಿಂತವನು. ಮೂವತ್ತೈದರ ಗಟ್ಟಿ ಆಳು, ಹೆಸರು ರೇವಣಸಿದ್ದ, ವಿಜಯಪುರದ ಕಡೆಯವನು, ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅವನಿಗೆ ಎಲ್ಲ ಹೇಳಿಬಿಟ್ಟೆ. ತಂಗಿ, ಟ್ಯೂಬು, ಆಣೆ, ನೀರು.

"ಅಲ್ರೀ, ಇದನ್ನ ಕೆಳಗಽ ಹೇಳಿ ಕಳಿಸಿದ್ರ ಆಕಿ ಇಷ್ಟೊತ್ತಿಗೆ ಅವ್ವನ ಕೂಡ ಮಾತಾಡಿ ಮುಗಸತಿದ್ಲಲ್ರೀ!" ಅಂದ. ಆಮೇಲೆ ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ. ನೀವು ಕುಂದರ್ರಿ. ನಾ ಓಡಿ ಹೋಗಿ ಕರಕೊಂಡು ಬರ್ತೀನಿ" ಅಂತ ಚೀಲ ನನ್ನ ಹತ್ತಿರ ಬಿಟ್ಟು ಹೊರಟ. ಅವನು ಕಲ್ಲಿಂದ ಕಲ್ಲಿಗೆ ಹಾರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಆ ಬಂಡೆಯ ಹತ್ತಿರ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತಿತ್ತು, ಪನವೇಲಿನ ಕಡೆಯ ಬಯಲು ತೆರೆದುಕೊಂಡ ಜಾಗ. ಹನ್ನೊಂದೂ ಕಾಲಿಗೆ ಹಿತೇಶನ ಫೋನು ಬಂತು.

"ಮಾಮಾ, ಮಿಲೀ ಕ್ಯಾ? ಡಾಕ್ಟರ್ ಬೋಲ್ ರಹೇ ಹೈ ಅಭೀ ಡಾಲನಾ ಪಡೇಗಾ."

"ಅರ್ಧ ಗಂಟೆ! ಟ್ಯೂಬು ಈಗಲೇ ಬೇಡ, ಅರ್ಧ ಗಂಟೆ ನಿಲ್ಲಿಸು ಅವರನ್ನು! ಕಾಲು ಹಿಡಿ, ಏನಾದರೂ ಮಾಡು. ಒಬ್ಬ ಹೋಗಿದ್ದಾನೆ ಕರೆಯಲಿಕ್ಕೆ."

"ಮಮ್ಮಿ ಬಾತ್ ಕರನಾ ಚಾಹತೀ ಹೈ" ಅಂದ.

ಆಮೇಲೆ ತಂಗಿಯ ಧ್ವನಿ. ಧ್ವನಿ ಎಂತದ್ದು, ಬರೇ ಗಾಳಿ. "ಅಣ್ಣ... ಸಿಕ್ಕಿದಳಾ?"

"ಈಗ ಸಿಗುತ್ತಾಳೆ ಜಯಾ. ಹತ್ತಿರ ಬಂದಿದ್ದೇನೆ."

"ನೀನು... ಹತ್ತಿದೆಯಾ? ಈ ಕಾಲಿನಲ್ಲಿ?"

"ಹತ್ತಿದೆ. ಕೇಳು, ಅವಳು ಫೋನ್ ಮಾಡಿದ ಕೂಡಲೇ ಮಾತಾಡು. ಆಣೆಯ ಚಿಂತೆ ನಿನಗೆ ಬೇಡ, ಬರುವುದಿದ್ದರೆ ನನ್ನ ತಲೆಗೆ ಬರಲಿ, ಇನ್ನು ಎಷ್ಟು ದಿನದ ತಲೆ ಇದು!"

"ಹಾಗೆ ಹೇಳಬೇಡ." ಉಸಿರು ಎಳೆದಳು. ಅದು ಮುಗಿಯುವವರೆಗೆ ನಾನೂ ಉಸಿರು ಬಿಡಲಿಲ್ಲ. "ನನಗಿರುವುದು ನೀನೊಬ್ಬ ಅಣ್ಣ. ನೀರು ಕೊಡು ಅವಳಿಗೆ. ಆಮೇಲೆ ಮಾತಾಡುತ್ತೇನೆ. ತುಂಬ ಉಂಟು ಮಾತಾಡಲಿಕ್ಕೆ."

ಫೋನು ಕಟ್ಟಾಯಿತು. ಇವಳೆಂತ ಹೆಂಗಸು! ಎರಡು ವರ್ಷ ಬಾಯಿ ಕಟ್ಟಿ ಕೂತದ್ದು ನನ್ನ ಹೆದರಿಕೆಗಲ್ಲ, ನನಗೇನಾದರೂ ಆದೀತು ಅನ್ನುವ ಹೆದರಿಕೆಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುತ್ತಾದರೂ ಬೇರೆ ಸಿಕ್ಕೀತು. ನಾನು ಬಾಟಲಿಯ ನೀರು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಮೇಲಿನ ದಾರಿ ನೋಡುತ್ತ ಕೂತೆ. ಬರುವವರೆಲ್ಲ ಬೇರೆಯವರೇ.

ಹನ್ನೆರಡು ಗಂಟೆ ದಾಟಿ ಐದು ನಿಮಿಷಕ್ಕೆ ಅವಳು ಕಾಣಿಸಿದಳು. ನೀಲಿ ರೇನ್‌ಕೋಟು, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ್ದಳು, ಬರಿಗಾಲು. ಕೈಗೆಲ್ಲ ಹಿಟ್ಟು ಮೆತ್ತಿತ್ತು. ಭಾಕ್ರಿ ತಟ್ಟುತ್ತಿದ್ದವಳು ಹಾಗೇ ಓಡಿ ಬಂದದ್ದು. ಅವಳ ಹಿಂದೆ ಪದ್ಮಾಕರ. ನಮ್ಮ ಮಗುವಾ ಇದು, ಎಷ್ಟು ಕಪ್ಪಾಗಿದ್ದಾಳೆ, ಎಷ್ಟು ಗಟ್ಟಿಯಾಗಿದ್ದಾಳೆ! ನಾನು ಏಳಲಿಕ್ಕೆ ನೋಡಿ ಪುನಃ ಕುಸಿದೆ.

ಬಾಟಲಿ ಮುಂದೆ ಹಿಡಿದೆ. "ಬಿಟ್ಟೆ ಮಗಳೇ. ಹಾಕಿದ್ದನ್ನು ಬಿಟ್ಟೆ. ಒಂದು ಗುಟುಕು ಕುಡಿ."

ಅವಳು ಕುಡಿದಳು. ವಾದ ಮಾಡಲಿಲ್ಲ, ಕಾಲಿಗೂ ಬೀಳಲಿಲ್ಲ. ಬಾಯಿ ಒರಸಿಕೊಂಡು, "ಫೋನ್ ಕೊಡಿ ಮಾಮ" ಅಂದಳು.

ಹಿತೇಶ್ ಮೂರನೇ ಸಲಕ್ಕೆ ಎತ್ತಿದ. ಸ್ಪೀಕರ್ ಹಾಕಿದ್ದೆ. ಅವನು ಅಳುತ್ತಿದ್ದ. "ದೀದೀ... ಡಾಲ್ ದಿಯಾ. ದಸ್ ಮಿನಿಟ್ ಹುಆ. ಮೈನೇ ಬಹುತ್ ರೋಕಾ, ನಹೀ ರುಕೇ. ಸಾಂಸ್ ಹೀ ನಹೀ ಆ ರಹೀ ಥೀ."

ಟ್ಯೂಬು ಹಾಕಿ ಹತ್ತು ನಿಮಿಷ. ಬೆಳಿಗ್ಗೆ ಹಾಲಿನವ ನನ್ನ ಎದುರು ಹೋದದ್ದು ಎಂಟೂ ಮುಕ್ಕಾಲಿಗೆ.

ನಿಶ್ಮಿತಾ ನನ್ನ ಕೈಯಿಂದ ಫೋನು ತಗೊಂಡಳು. "ಅಮ್ಮನ ಕಿವಿಯ ಹತ್ತಿರ ಹಿಡಿ" ಅಂದಳು ತಮ್ಮನಿಗೆ. ನರ್ಸಿನ ಕಣ್ಣು ತಪ್ಪಿಸಿ ಅವನು ಹಿಡಿದಿರಬೇಕು, ಯಂತ್ರದ ಶಬ್ದ ಹತ್ತಿರವಾಯಿತು. ಅವಳು ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಮಾತಾಡಿದಳು. ಮಳೆ ಹೇಗೆ ಬಂತು, ಗುಡಿಸಲಿನ ಮಾಡು ಯಾವ ಕಡೆ ಸೋರುತ್ತದೆ, ತೊಂಡೆಬಳ್ಳಿ ಹಬ್ಬಿದ್ದು, ಅಮ್ಮ ಮಾಡುವ ಹಾಗೆ ಪತ್ರೊಡೆ ಮಾಡಲಿಕ್ಕೆ ಹೋಗಿ ಕೆಸುವಿನೆಲೆ ಬಾಯಿ ತುರಿಸಿದ್ದು. ಎದುರಿನಿಂದ ಯಂತ್ರ ಉಸಿರು ಬಿಡುತ್ತಿತ್ತು, ಅಷ್ಟೇ. ಎರಡು ನಿಮಿಷದಲ್ಲಿ ಯಾರೋ ಗದರಿಸಿದರು, ಫೋನು ನಿಂತಿತು.

"ನನಗೆ ಅಭ್ಯಾಸ ಉಂಟು ಮಾಮ" ಅಂದಳು. "ಅಮ್ಮ ಕೇಳುತ್ತಾಳೆ ಅಂತ ಗೊತ್ತಿತ್ತು. ಇವತ್ತು ಒಂದು ಸಲ 'ಏ ಮಗಾ' ಅನ್ನುತ್ತಾಳೆ ಅಂತ ಓಡಿ ಬಂದೆ."

ಬೈದಿದ್ದರೆ ಆಗುತ್ತಿತ್ತು. ಕೆಸರು ತೆಗೆದು ಮುಖಕ್ಕೆ ಎಸೆದಿದ್ದರೆ ಇನ್ನೂ ಒಳ್ಳೆಯದಿತ್ತು. ನಾನು ಅವಳ ಹಿಟ್ಟಿನ ಕೈ ಹಿಡಿದುಕೊಂಡೆ. "ತಪ್ಪಾಯಿತು" ಅಂದೆ. ನನ್ನ ಬಾಯಲ್ಲಿ ಆ ಶಬ್ದ ನನ್ನ ಹೆಂಡತಿಯೂ ಕೇಳಿದವಳಲ್ಲ.

"ಈಗ ಅದೆಲ್ಲ ಬೇಡ" ಅಂತ ಕೈ ಬಿಡಿಸಿಕೊಂಡಳು. ಗಂಡನ ಕಡೆ ತಿರುಗಿ ಮರಾಠಿಯಲ್ಲಿ, "ಮಾಮಾಂನಾ ಸಾಂಭಾಳ್, ಮೀ ಜಾತೇ" ಅಂದಳು. ಮಾಮನನ್ನು ನೋಡಿಕೋ, ನಾನು ಹೋಗುತ್ತೇನೆ. ಪದ್ಮಾಕರ ತನ್ನ ಚಪ್ಪಲಿ ಬಿಚ್ಚಿ ಕೊಟ್ಟ. ಅವಳ ಕಾಲಿಗೆ ದೊಡ್ಡದು, ಬೇಡ ಅಂದಳು. ಹಾಗೇ ಇಳಿದಳು.

ಕೆಳಗಿನವರೆಗೆ ಒಂದು ಗಂಟೆ. ರಿಕ್ಷಾ ಸಿಕ್ಕಿದರೆ ಪನವೇಲಿಗೆ ಅರ್ಧ ಗಂಟೆ. ಅಲ್ಲಿಂದ ಡೊಂಬಿವಲಿ, ಭಾನುವಾರದ ಗಾಡಿಗಳು. ಎಷ್ಟು ಓಡಿದರೂ ನಾಲ್ಕು ಗಂಟೆಯ ಮೊದಲು ಮುಟ್ಟುವುದಿಲ್ಲ.

ರೇವಣಸಿದ್ದ ಬಂದು ತನ್ನ ಚೀಲ ತಗೊಂಡ. "ನಾ ಆಕಿ ಹಿಂದಽ ಹೋಗ್ತೀನ್ರೀ, ಒಬ್ಬಾಕಿನ ಬಿಡಬಾರದು" ಅಂತ ಇಳಿದ. ಪದ್ಮಾಕರ ತನ್ನ ಟವೆಲು ಹರಿದು ನನ್ನ ಮೊಣಕಾಲಿಗೆ ಬಿಗಿಯಾಗಿ ಸುತ್ತಿದ. ಮೇಲಿನಿಂದ ಇನ್ನಿಬ್ಬರು ಬರುತ್ತಾರೆ, ಬೆತ್ತದ ಕುರ್ಚಿಗೆ ಬಿದಿರು ಕಟ್ಟಿ ನಿಮ್ಮನ್ನು ಇಳಿಸುತ್ತೇವೆ, ಹೆದರಬೇಡಿ ಅಂದ. ಎರಡು ವರ್ಷದಲ್ಲಿ ಅವನ ಹತ್ತಿರ ನಾನು ಆಡಿದ ಮೊದಲ ಮಾತು, "ಆಯಿತಪ್ಪ."

ಅಷ್ಟರಲ್ಲಿ ಫೋನು ಪುನಃ ಬಡಿಯಿತು. ಹಿತೇಶ್.

"ಮಾಮಾ, ಮಮ್ಮಿ ಕಣ್ಣು ಬಿಟ್ಟಿದ್ದಾಳೆ." ಹುಡುಗ ಕನ್ನಡದಲ್ಲಿ ಮಾತಾಡುತ್ತಿದ್ದ, ಹೆದರಿಕೆಗೆ ಯಾವ ಭಾಷೆ ಬಂತೋ ಅದು. "ಬಾಗಿಲ ಕಡೆಗೇ ನೋಡ್ತಾಳೆ. ಕೈಯಲ್ಲಿ ಕೇಳ್ತಾಳೆ, ಎಲ್ಲಿ, ಎಲ್ಲಿ ಅಂತ. ಡಾಕ್ಟರ್ ಪುನಃ ನಿದ್ದೆಯ ಔಷಧ ಕೊಡ್ತಾರಂತೆ. ಬಿಪಿ ಬೀಳ್ತಾ ಉಂಟು ಅಂತಾರೆ. ನಾನು ಎಂತ ಹೇಳಲಿ?"

ನಾನು ಕೆಳಗೆ ನೋಡಿದೆ. ಮೋಡ ಸ್ವಲ್ಪ ಸರಿದಿತ್ತು. ಗಿಡಗಳ ಎಡೆಯಲ್ಲಿ ನೀಲಿ ರೇನ್‌ಕೋಟು ಕಂಡಿತು, ಮಾಯವಾಯಿತು, ಪುನಃ ಕಂಡಿತು.

"ಬಂದಳು ಅಂತ ಹೇಳು" ಅಂದೆ. "ಕೆಳಗೆ ಲಿಫ್ಟಿನ ಹತ್ತಿರ ನಿಂತಿದ್ದಾಳೆ, ಇನ್ನೇನು ಮೇಲೆ ಬರುತ್ತಾಳೆ ಅಂತ ಹೇಳು."

ಆ ಕಡೆ ಅವನು ಹೇಳುವುದು ಕೇಳಿಸಿತು, ಮೆಲ್ಲಗೆ, ಒಂದೊಂದೇ ಶಬ್ದ. ಆಮೇಲೆ ಹಿತೇಶ್ ಫೋನಿಗೆ ಬಾಯಿ ಹತ್ತಿರ ತಂದ.

"ಮಾಮಾ, ಕೂದಲು ಸರಿಮಾಡು ಅಂತ ನನಗೆ ಸನ್ನೆ ಮಾಡ್ತಾಳೆ."

"ಮಾಡು" ಅಂದೆ. "ಬಾಚಿ ಕೊಡು."

ನಿಶ್ಮಿತಾ ಇನ್ನೂ ಎರಡನೇ ತಿರುವು ದಾಟಿರಲಿಲ್ಲ.